‘ಸಾಕು’ ಅಂದವನಿಗೆ ಮರಣದಂಡನೆ

ಒಂದು ಪ್ರಶ್ನೆ ಕೇಳ್ತೀನಿ. ಸ್ನೇಹಿತನ ಮದುವೆಗೆ ಅಂತ ನೀವು ರಾತ್ರಿ ಬಸ್ಸು ಹತ್ತಿದ್ದೀರಿ. ಅರ್ಧ ದಾರಿಯಲ್ಲಿ ಫೋನ್ ಬರುತ್ತೆ, ಮದುವೆ ನಿಂತುಹೋಗಿದೆ. ಏನು ಮಾಡ್ತೀರಿ? ಮುಂದಿನ ಊರಲ್ಲಿ ಇಳಿದು, ಒಂದು ಟೀ ಕುಡಿದು, ವಾಪಸು ಬಸ್ಸು ಹಿಡೀತೀರಿ. ‘ಟಿಕೆಟ್‌ಗೆ ದುಡ್ಡು ಕೊಟ್ಟಾಗಿದೆಯಲ್ಲ, ಬಟ್ಟೆ ಇಸ್ತ್ರಿ ಮಾಡಿಸಿ ಆಗಿದೆಯಲ್ಲ’ ಅಂತ ಬೀಗ ಹಾಕಿದ ಛತ್ರದ ಮುಂದೆ ಹೋಗಿ ಯಾರೂ ನಿಲ್ಲಲ್ಲ.

ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಒಂದು ಇಡೀ ನೌಕಾಪಡೆ ಹಾಗೆ ಮಾಡಿತು. ಸುಮಾರು 33 ಸಾವಿರ ಕಿಲೋಮೀಟರು ದೂರ, ಏಳು ತಿಂಗಳಿಗೂ ಹೆಚ್ಚು ಕಾಲದ ಪ್ರಯಾಣ. ಹೊರಟ ಕಾರಣ ಅರ್ಧ ದಾರಿಯಲ್ಲೇ ಇಲ್ಲವಾಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಹಡಗುಗಳು ಮುಂದಕ್ಕೆ ಹೋಗುತ್ತಲೇ ಇದ್ದವು. ಕೊನೆಗೆ ಒಂದು ಮಧ್ಯಾಹ್ನ, ಒಂದು ರಾತ್ರಿ, ಒಂದು ಬೆಳಗ್ಗೆ – ಇಷ್ಟರಲ್ಲಿ ಎಲ್ಲ ಮುಗಿದುಹೋಯಿತು. ಈ ವಾರ ಆ ಕಥೆ.

1904ರ ಫೆಬ್ರವರಿ. ಚೀನಾದ ಈಶಾನ್ಯ ಕರಾವಳಿಯಲ್ಲಿ ಪೋರ್ಟ್ ಆರ್ಥರ್ ಅನ್ನೋ ಬಂದರು. ಅದನ್ನ ರಷ್ಯಾ ಚೀನಾದಿಂದ ಗುತ್ತಿಗೆಗೆ ಪಡೆದು, ಅಲ್ಲಿ ತನ್ನ ಯುದ್ಧನೌಕೆಗಳನ್ನ ಇಟ್ಟುಕೊಂಡಿತ್ತು. ಕೊರಿಯಾ, ಮಂಚೂರಿಯಾ ಯಾರ ಕೈಯಲ್ಲಿರಬೇಕು ಅನ್ನೋ ಜಗಳ ಬೆಳೆದು, ಜಪಾನ್ ಒಂದು ರಾತ್ರಿ ಟಾರ್ಪಿಡೊ ದೋಣಿಗಳನ್ನ ಕಳಿಸಿ ಆ ನೌಕೆಗಳ ಮೇಲೆ ದಾಳಿ ಮಾಡಿತು. ಆಮೇಲೆ ನೆಲದ ಕಡೆಯಿಂದಲೂ ಬಂದರನ್ನ ಮುತ್ತಿತು. ಒಳಗಿದ್ದ ರಷ್ಯಾದ ಹಡಗುಗಳು ಸಿಕ್ಕಿಹಾಕಿಕೊಂಡವು.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೂತಿದ್ದ ಝಾರ್ ಎರಡನೇ ನಿಕೊಲಾಸ್ ಮತ್ತು ಅವನ ಸಲಹೆಗಾರರು ಒಂದು ಯೋಜನೆ ಮಾಡಿದರು. ಯುರೋಪಿನ ಬಾಲ್ಟಿಕ್ ಸಮುದ್ರದಲ್ಲಿರೋ ನಮ್ಮ ಪಡೆಯನ್ನ ಆಫ್ರಿಕಾ ಸುತ್ತಿಸಿ, ಹಿಂದೂ ಮಹಾಸಾಗರ ದಾಟಿಸಿ ಅಲ್ಲಿಗೆ ಕಳಿಸೋಣ. ಅದು ಹೋಗಿ ಪೋರ್ಟ್ ಆರ್ಥರ್‌ನಲ್ಲಿರೋ ಹಡಗುಗಳ ಜೊತೆ ಸೇರಲಿ. ಎರಡೂ ಸೇರಿದರೆ ಜಪಾನಿಗಿಂತ ನಾವೇ ಬಲಿಷ್ಠ. ಲೆಕ್ಕ ತಪ್ಪಿರಲಿಲ್ಲ. ಕಾಗದದ ಮೇಲೆ.

1904ರ ಅಕ್ಟೋಬರ್ 15ರಂದು ಈಗಿನ ಲಾಟ್ವಿಯಾದಲ್ಲಿರುವ ಲಿಬಾವು ಬಂದರಿನಿಂದ ಪಡೆ ಹೊರಟಿತು. ಮುಖ್ಯಸ್ಥ ಅಡ್ಮಿರಲ್ ಜಿನೊವಿ ರೊಜೆಸ್ಟ್ವೆನ್ಸ್ಕಿ. ಶಿಸ್ತಿನ ಮನುಷ್ಯ, ಮಹಾ ಕೋಪಿಷ್ಠ. ಅವನ ಕೈಕೆಳಗಿನ ನಾಲ್ಕು ದೊಡ್ಡ ಯುದ್ಧನೌಕೆಗಳು ಎಷ್ಟು ಹೊಸವು ಅಂದರೆ, ಅವುಗಳ ರಿಪೇರಿ ಕೆಲಸ ದಾರಿಯುದ್ದಕ್ಕೂ ನಡೀತಾನೇ ಇತ್ತು. ನಾವಿಕರಲ್ಲಿ ಬಹಳ ಮಂದಿ ಸಮುದ್ರ ಕಂಡಿದ್ದೇ ಆಗ.

ಹೊರಟು ವಾರ ಆಗಿರಲಿಲ್ಲ, ಮೊದಲ ಅನಾಹುತ ಆಯಿತು. ಜಪಾನಿನ ಟಾರ್ಪಿಡೊ ದೋಣಿಗಳು ಯುರೋಪಿನಲ್ಲೇ ಅಡಗಿ ಕಾಯುತ್ತಿವೆ ಅನ್ನೋ ಗುಲ್ಲು ಎಲ್ಲರ ತಲೆಯಲ್ಲಿ ಕೂತಿತ್ತು. ಅಕ್ಟೋಬರ್ 21ರ ರಾತ್ರಿ ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಹತ್ತಿರ ಕತ್ತಲೆಯಲ್ಲಿ ಸಣ್ಣ ದೋಣಿಗಳು ಕಂಡವು. ಗುಂಡು ಹಾರಿಸಿಯೇ ಬಿಟ್ಟರು. ಅವು ಇಂಗ್ಲೆಂಡಿನ ಹಲ್ ಊರಿನ ಬಡ ಬೆಸ್ತರ ಮೀನುದೋಣಿಗಳು! ಇಬ್ಬರು ಬೆಸ್ತರು ಅಲ್ಲೇ ಸತ್ತರು, ಒಂದು ದೋಣಿ ಮುಳುಗಿತು. ಗಾಬರಿಯಲ್ಲಿ ರಷ್ಯಾದ ಹಡಗುಗಳು ತಮ್ಮದೇ ‘ಅರೋರಾ’ ನೌಕೆಗೂ ಗುಂಡು ಹೊಡೆದವು. ಅದರಲ್ಲಿದ್ದ ಪಾದ್ರಿ ಗಾಯಗೊಂಡು ತೀರಿಕೊಂಡರು. ಹಗ್ಗ ಕಂಡರೂ ಹಾವು ಅನ್ನೋ ಸ್ಥಿತಿ. ಬ್ರಿಟನ್ ಜೊತೆಗೂ ಯುದ್ಧ ಆಗೋದು ಕೂದಲೆಳೆಯಲ್ಲಿ ತಪ್ಪಿತು.

ಇನ್ನು ಕಲ್ಲಿದ್ದಲಿನ ಪಾಡು. ಆಗಿನ ಹಡಗುಗಳು ಓಡುತ್ತಿದ್ದದ್ದು ಉಗಿಯಿಂದ, ಅದಕ್ಕೆ ಕಲ್ಲಿದ್ದಲು ಬೇಕು. ದಾರಿಯಲ್ಲಿ ರಷ್ಯಾದ್ದು ಅಂತ ಒಂದು ಬಂದರೂ ಇರಲಿಲ್ಲ. ಬ್ರಿಟನ್ ಜಪಾನಿನ ಮಿತ್ರದೇಶ, ಅದು ಕೊಡಲ್ಲ. ಉಳಿದ ದೇಶಗಳು ‘ನಮ್ಮನ್ನ ಈ ಜಗಳಕ್ಕೆ ಎಳೀಬೇಡಿ’ ಅಂದವು. ಹಾಗಾಗಿ ಬಾಡಿಗೆಗೆ ಹಿಡಿದ ಜರ್ಮನ್ ಹಡಗುಗಳಿಂದ ತುಂಬಿಸಿಕೊಳ್ಳಬೇಕಿತ್ತು. ಮುಂದೆ ಎಲ್ಲಿ ಸಿಗುತ್ತೋ ಇಲ್ಲವೋ ಅನ್ನೋ ಭಯಕ್ಕೆ ಡೆಕ್ ಮೇಲೆ, ಕೋಣೆಗಳಲ್ಲಿ, ನಾವಿಕರು ಮಲಗೋ ಜಾಗದಲ್ಲಿ ಎಲ್ಲ ಕಡೆ ಮೂಟೆ ಪೇರಿಸಿದರು. ಊಟದಲ್ಲಿ ಮಸಿ, ಹಾಸಿಗೆಯಲ್ಲಿ ಮಸಿ. ಆಫ್ರಿಕಾದ ಸೆಖೆಯಲ್ಲಿ ಕಲ್ಲಿದ್ದಲು ತುಂಬುವಾಗ ಕುಸಿದು ಬಿದ್ದು ಸತ್ತವರೂ ಇದ್ದರು.

ಈ ಪಡೆಯಲ್ಲಿ ಒಬ್ಬ ಎಂಜಿನಿಯರ್ ಇದ್ದ. ಹೆಸರು ಯೆವ್ಗೆನಿ ಪೊಲಿಟೊವ್ಸ್ಕಿ. ವಯಸ್ಸು ಮೂವತ್ತರ ಆಸುಪಾಸು. ನಿಮ್ಮದೇ ವಯಸ್ಸು ಇರಬಹುದು. ಅಡ್ಮಿರಲ್‌ನ ಹಡಗಾದ ‘ಕ್ನ್ಯಾಜ್ ಸುವೊರೊವ್’ನಲ್ಲಿ ಅವನ ವಾಸ. ಯಾವ ಹಡಗಿನಲ್ಲಿ ಏನು ಕೆಟ್ಟರೂ ಮೊದಲ ಕರೆ ಅವನಿಗೇ. ಚುಕ್ಕಾಣಿ ಕೆಟ್ಟಿತು, ಓಡು. ಪೈಪು ಸೋರಿತು, ಓಡು. ನೀರಿನೊಳಗೆ ಮುಳುಗುಗಾರರನ್ನ ಇಳಿಸು, ಸಣ್ಣ ದೋಣಿಯಲ್ಲಿ ಅಲೆಗಳ ಮಧ್ಯೆ ಹಡಗಿಂದ ಹಡಗಿಗೆ ಹೋಗು. ನಮ್ಮಲ್ಲಿ ಆನ್‌ಕಾಲ್ ಡ್ಯೂಟಿ ಅಂತೀವಲ್ಲ, ಏಳು ತಿಂಗಳು ಬಿಡುವಿಲ್ಲದೆ ಅದೇ.

ರಾತ್ರಿ ಕೂತು ಅವನು ಹೆಂಡತಿಗೆ ಪತ್ರ ಬರೀತಿದ್ದ. ಹೆಚ್ಚುಕಮ್ಮಿ ದಿನಚರಿ ಥರ. ಸೆಖೆ, ಮಸಿ, ಕೆಟ್ಟ ಯಂತ್ರಗಳು, ಅಡ್ಮಿರಲ್‌ನ ಸಿಟ್ಟು, ಮನೆಯಿಂದ ಪತ್ರ ಬರಲಿಲ್ಲ ಅನ್ನೋ ಕೊರಗು. ಸಿಕ್ಕ ಬಂದರಿನಲ್ಲಿ ಅದನ್ನ ಅಂಚೆಗೆ ಹಾಕೋದು.

ಡಿಸೆಂಬರ್ ಕೊನೆಗೆ ಪಡೆ ಮಡಗಾಸ್ಕರ್ ತಲುಪಿತು. ಅಲ್ಲಿ ಕಾದಿದ್ದದ್ದು ಕೆಟ್ಟ ಸುದ್ದಿ. ಪೋರ್ಟ್ ಆರ್ಥರ್ ಮೇಲಿನ 203 ಮೀಟರ್ ಎತ್ತರದ ಗುಡ್ಡ ಜಪಾನೀಯರ ವಶವಾಗಿತ್ತು. ಅಲ್ಲಿಂದ ಗುರಿ ನೋಡಿ ದೊಡ್ಡ ಫಿರಂಗಿಗಳಿಂದ ಬಂದರಿನೊಳಗಿನ ಹಡಗುಗಳನ್ನ ಹೊಡೆದು ಮುಳುಗಿಸಿದ್ದರು. 1905ರ ಜನವರಿ 2ರಂದು ಕೋಟೆಯೂ ಶರಣಾಯಿತು. ಅಂದರೆ, ಇವರು ಯಾರನ್ನ ಕಾಪಾಡೋಕೆ ಹೊರಟಿದ್ದರೋ ಅವರೇ ಇನ್ನಿಲ್ಲ. ಯಾವ ಬಂದರಿಗೆ ಹೋಗಬೇಕಿತ್ತೋ ಅದು ಶತ್ರುವಿನ ಕೈಲಿ.

ಬಸ್ಸಿನಿಂದ ಇಳಿಯಬೇಕಾದ ಜಾಗ ಇದೇ ಆಗಿತ್ತು ಅಲ್ವಾ?

ಪಡೆ ಮಡಗಾಸ್ಕರ್‌ನ ನೋಸಿ ಬೇ ಅನ್ನೋ ಕಡೆ ಎರಡು ತಿಂಗಳಿಗೂ ಹೆಚ್ಚು ಕಾಲ ಲಂಗರು ಹಾಕಿ ಕೂತಿತು. ಜ್ವರ, ಭೇದಿ, ಶವಸಂಸ್ಕಾರ. ಬೇಸರಕ್ಕೆ ನಾವಿಕರು ಕೋತಿ, ಗಿಳಿಗಳನ್ನ ತಂದು ಹಡಗಿನಲ್ಲಿ ಸಾಕಿದರು. ಅಡ್ಮಿರಲ್ಲೂ ಕಾಯಿಲೆ ಬಿದ್ದ. ಅತ್ತ ರಾಜಧಾನಿಯಲ್ಲಿ ಜನವರಿ 22ರ ಭಾನುವಾರ ಅಹವಾಲು ಹಿಡಿದು ಬಂದ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದ್ದರು. ದೇಶವೇ ಕುದಿಯುತ್ತಿತ್ತು. ಇಂಥ ಹೊತ್ತಿನಲ್ಲಿ ‘ನಮ್ಮ ಹಡಗುಗಳು ಸುಮ್ಮನೆ ವಾಪಸು ಬರ್ತಿವೆ’ ಅಂತ ಹೇಳೋಕೆ ಝಾರ್‌ಗೆ ಬಾಯಿ ಬರಲಿಲ್ಲ.

ಹಾಗಂತ ಅವರ ವಾದವನ್ನ ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ರಷ್ಯಾಕ್ಕೆ ಪೂರ್ವದಲ್ಲಿ ವ್ಲಾಡಿವೊಸ್ಟಾಕ್ ಅನ್ನೋ ಇನ್ನೊಂದು ಬಂದರು ಉಳಿದಿತ್ತು. ಪಡೆ ಅಲ್ಲಿಗೆ ತಲುಪಿದರೆ, ಮಂಚೂರಿಯಾದಲ್ಲಿರೋ ಜಪಾನಿ ಸೈನ್ಯಕ್ಕೆ ಸಮುದ್ರದ ಮೂಲಕ ಹೋಗ್ತಿದ್ದ ಆಹಾರ, ಮದ್ದುಗುಂಡು ತಡೀಬಹುದು. ಗುರಿ ಬದಲಾಯಿತು ಅಷ್ಟೆ, ಪ್ರಯಾಣ ನಡೀಲಿ ಅಂದರು. ಕೇಳೋಕೆ ಸರಿಯಾಗೇ ಇದೆ. ಆದರೆ ಮೊದಲ ಯೋಜನೆಯ ಇಡೀ ಲೆಕ್ಕ ನಿಂತಿದ್ದದ್ದು ‘ಎರಡು ಪಡೆ ಸೇರಿದರೆ’ ಅನ್ನೋದರ ಮೇಲೆ. ಅದರಲ್ಲಿ ಒಂದು ಪಡೆ ಸಮುದ್ರದ ತಳದಲ್ಲಿತ್ತು.

ಆ ಕೊರತೆ ತುಂಬೋಕೆ ಒಂದು ಉಪಾಯ ಮೊದಲೇ ಸಿದ್ಧವಾಗಿತ್ತು. ಕ್ಯಾಪ್ಟನ್ ನಿಕೊಲಾಯ್ ಕ್ಲಾದೊ ಅನ್ನೋ ಅಧಿಕಾರಿ ಡಾಗರ್ ಬ್ಯಾಂಕ್ ಘಟನೆಗೆ ಸಾಕ್ಷಿಯಾಗಿ ದಾರಿಯಿಂದಲೇ ಹಿಂದಿರುಗಿದ್ದ. ಅವನು ಪತ್ರಿಕೆಗಳಲ್ಲಿ ಲೇಖನ ಬರೆದ. ಪ್ರತಿ ಹಡಗಿಗೂ ಯುದ್ಧಬಲ ಇಷ್ಟು ಅಂತ ಒಂದು ಅಂಕ ಕೊಟ್ಟು, ಕೂಡಿ, ಬಾಲ್ಟಿಕ್‌ನಲ್ಲಿ ಉಳಿದಿರೋ ಹಳೇ ಹಡಗುಗಳನ್ನೂ ಕಳಿಸಿದರೆ ನಮ್ಮ ಮೊತ್ತ ಜಾಸ್ತಿ ಆಗುತ್ತೆ ಅಂತ ತೋರಿಸಿದ. ಎಕ್ಸೆಲ್ ಶೀಟ್ ಆಗ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಜನ ನಂಬಿದರು, ಸರ್ಕಾರ ಬಗ್ಗಿತು. ಕೋಟೆ ಬಿದ್ದು ಒಂದೂವರೆ ತಿಂಗಳಾದ ಮೇಲೆ, ಫೆಬ್ರವರಿ 15ರಂದು, ಅಡ್ಮಿರಲ್ ನಿಕೊಲಾಯ್ ನೆಬೊಗಾಟೊವ್ ಆ ಹಳೇ ಹಡಗುಗಳನ್ನ ಹೊರಡಿಸಿಕೊಂಡು ಬಂದ. ನಾವಿಕರು ಅವುಗಳಿಗೆ ಇಟ್ಟ ಹೆಸರು ‘ತಾನಾಗೇ ಮುಳುಗೋವು’. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲಿ ಕೊಳ್ಳೆ ಹೋಗಿದ್ದದ್ದು ಕೋಟೆಯೇ.

ರೊಜೆಸ್ಟ್ವೆನ್ಸ್ಕಿಗೆ ಈ ಹಳೇ ಹಡಗುಗಳು ಬೇಕಿರಲಿಲ್ಲ. ಅವನಿಗೆ ತನ್ನ ಪಡೆಯ ಸ್ಥಿತಿ ಚೆನ್ನಾಗಿ ಗೊತ್ತಿತ್ತು. ಆದರೆ ‘ಹೋಗಲ್ಲ’ ಅನ್ನೋ ಮಾತು ಅವನ ಬಾಯಿಂದಲೂ ಗಟ್ಟಿಯಾಗಿ ಬರಲಿಲ್ಲ. ಮಾರ್ಚ್ 16ರಂದು ಮಡಗಾಸ್ಕರ್ ಬಿಟ್ಟ. ಒಂದೂ ಬಂದರು ಮುಟ್ಟದೆ, ನಡುನೀರಲ್ಲೇ ಕಲ್ಲಿದ್ದಲು ತುಂಬಿಸಿಕೊಳ್ಳುತ್ತಾ ಇಡೀ ಹಿಂದೂ ಮಹಾಸಾಗರ ದಾಟಿ, ಏಪ್ರಿಲ್ 8ರಂದು ಸಿಂಗಪುರದ ಮುಂದೆ ಹಾದುಹೋದ. ಅದೊಂದು ಸಾಹಸವೇ, ಆಗಿನ ಪರಿಣತರೇ ಬೆರಗಾದರು. ಮೇ ತಿಂಗಳಲ್ಲಿ ಈಗಿನ ವಿಯೆಟ್ನಾಂ ಕರಾವಳಿಯ ಹತ್ತಿರ ನೆಬೊಗಾಟೊವ್ ಬಂದು ಸೇರಿಕೊಂಡ.

ಇಷ್ಟು ದಿನ ಜಪಾನಿನ ಅಡ್ಮಿರಲ್ ಟೋಗೊ ಹೈಹಾಚಿರೊ ಏನು ಮಾಡ್ತಿದ್ದ? ಪೋರ್ಟ್ ಆರ್ಥರ್ ಕಾಯೋ ಕೆಲಸ ಮುಗಿದಿತ್ತಲ್ಲ, ಹಡಗುಗಳನ್ನ ಊರಿಗೆ ಕಳಿಸಿ ರಿಪೇರಿ ಮಾಡಿಸಿದ. ತಳ ಉಜ್ಜಿಸಿದ. ಆಮೇಲೆ ಕೊರಿಯಾದ ದಕ್ಷಿಣ ತೀರದಲ್ಲಿ ಕೂತು ದಿನವೂ ಗುರಿ ಹೊಡೆಯೋ ಅಭ್ಯಾಸ ಮಾಡಿಸಿದ. ಇತ್ತ ರಷ್ಯಾದ ಹಡಗುಗಳ ತಳಕ್ಕೆ ಉಷ್ಣವಲಯದ ಪಾಚಿ, ಚಿಪ್ಪುಗಳು ದಪ್ಪವಾಗಿ ಮೆತ್ತಿಕೊಂಡಿದ್ದವು. ಅವರ ಸಾಲಿನ ವೇಗ 9ರಿಂದ 11 ನಾಟ್, ಜಪಾನಿನದು 15. ಹೊರೆ ಹೆಚ್ಚಾಗಿ ದೊಡ್ಡ ಹಡಗುಗಳು ತಗ್ಗಿ, ಬದಿಯ ಉಕ್ಕಿನ ಕವಚದ ಪಟ್ಟಿ ನೀರೊಳಗೇ ಮುಳುಗಿತ್ತು. ಗುರಿ ಹೊಡೆಯೋ ಅಭ್ಯಾಸ ಕೆಲವೇ ಸಲ ಆಗಿತ್ತು. ಮಡಗಾಸ್ಕರ್‌ನಲ್ಲಿ ಕಳೆದ ಪ್ರತಿ ವಾರವೂ ಟೋಗೊಗೆ ಪುಕ್ಕಟೆ ಸಿಕ್ಕ ವಾರ.

ವ್ಲಾಡಿವೊಸ್ಟಾಕ್‌ಗೆ ಮೂರು ದಾರಿ. ಎರಡು ಜಪಾನನ್ನ ಸುತ್ತಿಕೊಂಡು ಹೋಗೋವು. ಹತ್ತಿರದ್ದು ಕೊರಿಯಾ ಮತ್ತು ಜಪಾನ್ ಮಧ್ಯದ ತ್ಸುಶಿಮಾ ಜಲಸಂಧಿ. ರೊಜೆಸ್ಟ್ವೆನ್ಸ್ಕಿ ಅದನ್ನೇ ಆರಿಸಿದ. ಮೇ 27ರ ಬೆಳಗಿನ ಜಾವ ಮಂಜು ಕವಿದಿತ್ತು. ಹಡಗುಗಳೆಲ್ಲ ದೀಪ ಆರಿಸಿ ನುಸುಳುತ್ತಿದ್ದವು. ಆದರೆ ಜೊತೆಗಿದ್ದ ಆಸ್ಪತ್ರೆ ಹಡಗು ನಿಯಮದ ಪ್ರಕಾರ ದೀಪ ಹಚ್ಚಿಕೊಂಡಿತ್ತು. ಪಹರೆಯಲ್ಲಿದ್ದ ‘ಶಿನಾನೊ ಮಾರು’ ಅನ್ನೋ ಜಪಾನಿ ಹಡಗಿಗೆ ಆ ಬೆಳಕು ಕಂಡಿತು. ಹತ್ತಿರ ಹೋಗಿ ನೋಡಿದರೆ ಸುತ್ತಲೂ ಶತ್ರು! ತಕ್ಷಣ ವೈರ್‌ಲೆಸ್‌ನಲ್ಲಿ ಸುದ್ದಿ ಹೋಯಿತು. ಟೋಗೊ ಹೊರಟ.

ಅಂದು ಝಾರ್ ಪಟ್ಟಾಭಿಷೇಕದ ವಾರ್ಷಿಕ ದಿನ. ರಷ್ಯಾದ ಹಡಗುಗಳಲ್ಲಿ ಬೆಳಗ್ಗೆ ಪ್ರಾರ್ಥನೆ ನಡೆಯಿತು.

ಮಧ್ಯಾಹ್ನ ಎರಡರ ಹೊತ್ತಿಗೆ ಎರಡು ಸಾಲುಗಳು ಎದುರಾದವು. ಟೋಗೊ ತನ್ನ ‘ಮಿಕಾಸಾ’ ಹಡಗಿನಲ್ಲಿ ಮುಂದೆ. ಶತ್ರು ಏಳೆಂಟು ಸಾವಿರ ಮೀಟರು ದೂರದಲ್ಲಿರುವಾಗ ತನ್ನ ಸಾಲನ್ನ ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದರಂತೆ ತಿರುಗಿಸಿದ. ತಿರುಗುವ ಆ ಹತ್ತು-ಹದಿನೈದು ನಿಮಿಷ ಅವನ ಹಡಗುಗಳು ಸುಲಭದ ಗುರಿ. ಮಿಕಾಸಾಗೆ ಏಟುಗಳೂ ಬಿದ್ದವು. ಆದರೆ ತಿರುಗಿ ಮುಗಿದ ಮೇಲೆ ಅವನ ಸಾಲು ರಷ್ಯಾದ ಸಾಲಿನ ಮೂತಿಗೆ ಅಡ್ಡವಾಗತೊಡಗಿತು. ಅಡ್ಡ ನಿಂತವನಿಗೆ ಒಂದು ಬದಿಯ ಎಲ್ಲಾ ಫಿರಂಗಿಗಳೂ ಬಳಕೆಗೆ ಬರುತ್ತವೆ. ನೇರ ಬರುವವನಿಗೆ ಮುಂದಿನವು ಮಾತ್ರ. ಸಾಲದ್ದಕ್ಕೆ ಜಪಾನಿ ಗುಂಡುಗಳು ತಗುಲಿದ ಕೂಡಲೇ ಸಿಡಿದು ಬೆಂಕಿ ಹಚ್ಚುತ್ತಿದ್ದವು. ರಷ್ಯಾದ ಹಡಗುಗಳ ಮೈಗೆ ಕಪ್ಪು, ಹೊಗೆಕೊಳವೆಗೆ ಹಳದಿ ಬಣ್ಣ. ಮಬ್ಬಿನಲ್ಲೂ ಎದ್ದು ಕಾಣುತ್ತಿದ್ದವು.

ಒಂದು ಗಂಟೆಯೊಳಗೆ ‘ಒಸ್ಲ್ಯಾಬ್ಯಾ’ ಮುಳುಗಿತು. ‘ಸುವೊರೊವ್’ನ ಚುಕ್ಕಾಣಿ ಕೆಟ್ಟು ಅದು ಉರಿಯುತ್ತಾ ಸುತ್ತತೊಡಗಿತು. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪುತ್ತಿದ್ದ ಅಡ್ಮಿರಲ್‌ನನ್ನ ಒಂದು ಸಣ್ಣ ನೌಕೆ ಪಕ್ಕಕ್ಕೆ ಬಂದು ಇಳಿಸಿಕೊಂಡಿತು. ಕೆಳಗಿನ ಅಂತಸ್ತುಗಳಲ್ಲಿದ್ದವರನ್ನ ಇಳಿಸಿಕೊಳ್ಳಲು ಸಮಯವಿರಲಿಲ್ಲ. ಸಂಜೆ ಏಳರ ಸುಮಾರಿಗೆ ‘ಅಲೆಕ್ಸಾಂಡರ್ 3’ ಮಗುಚಿತು. ಅದರಲ್ಲಿದ್ದ 800ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹಿಂದೆಯೇ ‘ಬೊರೊಡಿನೊ’. ಅದರಲ್ಲಿ ಉಳಿದದ್ದು ಒಬ್ಬನೇ ಒಬ್ಬ ನಾವಿಕ. ಆಮೇಲೆ ಟಾರ್ಪಿಡೊ ಏಟಿಗೆ ಸುವೊರೊವ್ ಕೂಡ ಮುಳುಗಿತು. ಪೊಲಿಟೊವ್ಸ್ಕಿ ಅದರೊಳಗೇ ಇದ್ದ.

ರಾತ್ರಿಯಿಡೀ ಟಾರ್ಪಿಡೊ ದೋಣಿಗಳ ದಾಳಿ. ಮಾರನೇ ದಿನ ಬೆಳಗ್ಗೆ, ಮೇ 28, ನೆಬೊಗಾಟೊವ್ ಹತ್ತಿರ ಉಳಿದಿದ್ದದ್ದು ಬೆರಳೆಣಿಕೆಯ ಹಡಗು. ಸುತ್ತ ಜಪಾನಿನ ಇಡೀ ಪಡೆ. ಅವರ ಗುಂಡು ಇವರನ್ನ ಮುಟ್ಟುತ್ತೆ, ಇವರದು ಅವರನ್ನ ಮುಟ್ಟಲ್ಲ. ಇನ್ನು ಹೋರಾಡಿದರೆ ಆಗೋದು ಒಂದೇ, ಜೊತೆಯಲ್ಲಿರೋ ಸಾವಿರಾರು ಹುಡುಗರೂ ನೀರುಪಾಲು. ಅವನು ಬಾವುಟ ಇಳಿಸಿದ. ಶರಣಾದ.

ಏಳು ತಿಂಗಳ ಈ ಕಥೆಯಲ್ಲಿ ‘ಸಾಕು’ ಅಂದು, ಅಂದ ಹಾಗೇ ನಿಲ್ಲಿಸಿದ ಹಿರಿಯ ಅಂದರೆ ಅವನೊಬ್ಬನೇ.

ಲೆಕ್ಕ ಹೀಗಿದೆ. ರಷ್ಯಾ ಕಡೆ ಸತ್ತವರು 4,300ಕ್ಕೂ ಹೆಚ್ಚು, ಸೆರೆಯಾದವರು ಸುಮಾರು 6 ಸಾವಿರ. ಜಪಾನ್ ಕಡೆ ಸತ್ತವರು 117, ಕಳಕೊಂಡದ್ದು ಮೂರು ಟಾರ್ಪಿಡೊ ದೋಣಿ. ಇಷ್ಟು ದೂರ ಬಂದ ಪಡೆಯಲ್ಲಿ ವ್ಲಾಡಿವೊಸ್ಟಾಕ್ ತಲುಪಿದ ಯುದ್ಧಹಡಗುಗಳು ಬರೀ ಮೂರು, ಅವೂ ಸಣ್ಣವು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪೋರ್ಟ್ಸ್‌ಮೌತ್‌ನಲ್ಲಿ ಸಂಧಿ ಆಯಿತು. ಏಷ್ಯಾದ ದೇಶವೊಂದು ಯುರೋಪಿನ ಸಾಮ್ರಾಜ್ಯವನ್ನ ಸೋಲಿಸಿದ್ದು ಕೇಳಿ ಇಂಡಿಯಾದಲ್ಲೂ ಜನ ಹಿಗ್ಗಿದರು. ಆಗ ಹದಿನೈದರ ಹುಡುಗ ಜವಾಹರಲಾಲ್ ನೆಹರು ಓದೋಕೆ ಅಂತ ಇಂಗ್ಲೆಂಡಿಗೆ ಹೋಗಿ ಇಳಿದಿದ್ದ. ಡೋವರ್‌ನಿಂದ ಲಂಡನ್ನಿಗೆ ಹೋಗುವ ರೈಲಿನಲ್ಲಿ ಈ ಸುದ್ದಿ ಓದಿ ಖುಷಿಪಟ್ಟದ್ದನ್ನ ಆಮೇಲೆ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವರ ಖುಷಿ ಅರ್ಥವಾಗುತ್ತೆ. ನನಗೆ ಮಾತ್ರ ಈ ಕಥೆ ಓದಿದಾಗೆಲ್ಲ ತಲೆಯಲ್ಲಿ ಉಳಿಯೋದು ಯುದ್ಧ ಅಲ್ಲ, ಆಮೇಲಿನ ವಿಚಾರಣೆ.

1906ರಲ್ಲಿ ರಷ್ಯಾದಲ್ಲಿ ಸೈನಿಕ ನ್ಯಾಯಾಲಯ ಕೂತಿತು. ರೊಜೆಸ್ಟ್ವೆನ್ಸ್ಕಿ ತಪ್ಪೆಲ್ಲ ನನ್ನದೇ ಅಂತ ಹೊಣೆ ಹೊತ್ತುಕೊಂಡ. ಅದು ಅವನ ದೊಡ್ಡತನ. ಗಾಯಗೊಂಡು ಪ್ರಜ್ಞೆಯಲ್ಲಿರಲಿಲ್ಲ ಅಂತ ನ್ಯಾಯಾಲಯ ಅವನನ್ನ ಬಿಟ್ಟಿತು. ನೆಬೊಗಾಟೊವ್‌ಗೆ ಮರಣದಂಡನೆ! ಶರಣಾಗಿದ್ದಕ್ಕೆ. ಆಮೇಲೆ ಅದನ್ನ ಹತ್ತು ವರ್ಷದ ಸೆರೆಗೆ ಇಳಿಸಿದರು. 1909ರಲ್ಲಿ ಬಿಡುಗಡೆ ಆಯಿತು. ಹಡಗು ಒಪ್ಪಿಸೋದು ನೌಕಾಪಡೆಯ ಕಣ್ಣಲ್ಲಿ ದೊಡ್ಡ ಅವಮಾನ, ನಿಯಮವೂ ಹಾಗೇ ಇತ್ತು, ನಿಜ. ಆದರೆ ಮಡಗಾಸ್ಕರ್‌ನಿಂದ ಮುಂದಕ್ಕೆ ಕಳಿಸಿದವರನ್ನ ಯಾರೂ ಕಟಕಟೆಗೆ ಹತ್ತಿಸಲಿಲ್ಲ. ಅಂಕ ಕೂಡಿ ತೋರಿಸಿದವನನ್ನೂ ಹತ್ತಿಸಲಿಲ್ಲ.

ಈಗ ಒಂದು ಸಣ್ಣ ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ ಒಂದು ಪ್ರಾಜೆಕ್ಟ್ ಇತ್ತು. ಯಾರಿಗಾಗಿ ಅದನ್ನ ಶುರು ಮಾಡಿದ್ವೋ ಆ ಗ್ರಾಹಕರು ಅರ್ಧದಲ್ಲೇ ಬೇಡ ಅಂದಿದ್ದರು. ‘ಬೇರೆ ಯಾರಿಗಾದರೂ ಆಗುತ್ತೆ, ಮುಗಿಸಿಬಿಡೋಣ’ ಅಂದರು ಮೇಲಿನವರು. ನಮ್ಮ ತಂಡದಲ್ಲಿ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಮೀಟಿಂಗ್‌ನಲ್ಲಿ ಕೈ ಎತ್ತಿ, ‘ಸರ್, ಇದು ಈಗ ಯಾರಿಗೆ?’ ಅಂತ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಆ ವರ್ಷ ಅವಳ ಅಪ್ರೈಸಲ್‌ನಲ್ಲಿ ‘ಹೊಂದಾಣಿಕೆ ಕಡಿಮೆ’ ಅಂತ ಬಂತು. ಪ್ರಾಜೆಕ್ಟ್ ಇನ್ನೂ ಎಂಟು ತಿಂಗಳು ನಡೆದು ಸದ್ದಿಲ್ಲದೆ ನಿಂತಿತು. ನನಗೂ ಅದೇ ಪ್ರಶ್ನೆ ಇತ್ತು. ನಾನು ಸುಮ್ಮನೆ ಲ್ಯಾಪ್‌ಟಾಪ್ ನೋಡ್ತಾ ಕೂತಿದ್ದೆ.

ನಮಗೆ ಹೋಗಿದ್ದು ನಿದ್ದೆ, ಒಂದಷ್ಟು ಶನಿವಾರ. ಅದನ್ನ ತ್ಸುಶಿಮಾ ಜೊತೆ ತೂಗಲ್ಲ. ಆದರೆ ಕೆಲಸ ನಿಲ್ಲಿಸೋಕೆ ಆಗದೆ ಇರೋದಕ್ಕೆ ಕಾರಣ ಎರಡು ಕಡೆಯೂ ಒಂದೇ. ಸತ್ಯ ಗೊತ್ತಿಲ್ಲ ಅಂತ ಅಲ್ಲ. ಹೇಳಿದವನಿಗೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೆ.

ಆ ಯುದ್ಧದಲ್ಲಿದ್ದ ಎರಡು ಹಡಗುಗಳನ್ನ ಈಗಲೂ ನೋಡಬಹುದು. ಟೋಗೊನ ಮಿಕಾಸಾ ಜಪಾನಿನ ಯೊಕೊಸುಕಾದಲ್ಲಿದೆ. ತಮ್ಮವರದ್ದೇ ಗುಂಡು ತಿಂದ ಅರೋರಾ ತ್ಸುಶಿಮಾದಿಂದ ತಪ್ಪಿಸಿಕೊಂಡು ಮನಿಲಾ ಸೇರಿತ್ತು, ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಪೊಲಿಟೊವ್ಸ್ಕಿಯ ಪತ್ರಗಳು ಅವನು ಸತ್ತ ಮೇಲೆ ಪುಸ್ತಕವಾಗಿ ಬಂದವು. ಯುದ್ಧಕ್ಕೆ ಮೊದಲೇ ಅವು ನಿಂತುಹೋಗುತ್ತವೆ.

ಸೋಮವಾರ ನಿಮ್ಮ ಮೀಟಿಂಗ್‌ನಲ್ಲಿ ಯಾರಾದರೂ ‘ಇದು ಈಗ ಯಾರಿಗೆ?’ ಅಂತ ಕೇಳಿದರೆ, ದಯವಿಟ್ಟು ಫೋನ್ ಕೆಳಗಿಟ್ಟು ಅವರ ಕಡೆ ನೋಡಿ. ಆಗೋದಾದರೆ ‘ನನಗೂ ಅದೇ ಅನುಮಾನ’ ಅಂತ ಒಂದು ಮಾತು ಸೇರಿಸಿ. ಆ ಹುಡುಗಿಗೆ ಅವತ್ತು ನಾನು ಕೊಡಬೇಕಾಗಿದ್ದದ್ದು ಅಷ್ಟೇ.

ಮುಂದಿನ ವಾರ ಸಿಗೋಣ.